ಮರಳಿಗೆ ಹಾಲು-ತುಪ್ಪ ಬಿಟ್ಟ ಹುಡುಗ

ಏಳು ವರ್ಷದ ಹುಡುಗ ಮರಳು ತುಂಬಿದ ಟ್ರೇ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಬುಟ್ಟಿಯಲ್ಲಿದ್ದ ಗೊಂಬೆಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ, ಪಂಚೆ ಉಟ್ಟ ಗಂಡು ಗೊಂಬೆಯೊಂದನ್ನು ಆರಿಸಿಕೊಂಡ. ಅದನ್ನು ಮರಳಿನಲ್ಲಿ ಮಲಗಿಸಿ ಮೇಲೆ ಮರಳೆಳೆದು ಅಂಗೈಯಿಂದ ತಟ್ಟಿ ಸಮ ಮಾಡಿದ. ಐದು ಎಣಿಸುವಷ್ಟರಲ್ಲಿ ಕೆದಕಿ ಹೊರತೆಗೆದ. ಮತ್ತೆ ಹೂತ, ಮತ್ತೆ ತೆಗೆದ. ಮುಕ್ಕಾಲು ಗಂಟೆಯಲ್ಲಿ ನಡೆದದ್ದು ಇಷ್ಟೇ. ಎದುರಿಗೆ ಚಾಪೆಯ ಮೇಲೆ ಕೂತಿದ್ದ ಆಪ್ತಸಲಹೆಗಾರ್ತಿ 'ಯಾಕಪ್ಪಾ ಹೂಳ್ತಿದ್ದೀಯ?' ಎಂದು ಒಂದು ಸಲವೂ ಕೇಳಲಿಲ್ಲ. 'ಈಗ ಅವರು ಒಳಗಿದ್ದಾರೆ', 'ಈಗ ಹೊರಗೆ ಬಂದ್ರು' ಎಂದಷ್ಟೇ ಹೇಳುತ್ತಿದ್ದರು.

ಪಿರಿಯಾಪಟ್ಟಣದ ಕಡೆಯ ಮಗು ಅದು. ಸಲಹೆಗಾರ್ತಿ ತಾಯಿಯ ಒಪ್ಪಿಗೆ ಪಡೆದು ನನಗೆ ಹೇಳಿದ್ದನ್ನು, ಗುರುತು ಹತ್ತಬಾರದೆಂದು ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ಶಾಲೆಯ ದೂರುಗಳು ಒಂದೆರಡಲ್ಲ. ಪಕ್ಕದವನನ್ನು ಕಚ್ಚುತ್ತಾನೆ, ಬಿಸಿಯೂಟದ ತಟ್ಟೆ ಎಸೆಯುತ್ತಾನೆ, ಮೇಷ್ಟ್ರು ಹತ್ತಿರ ಕರೆದರೆ ಬೆಂಚಿನ ಕೆಳಗೆ ತೂರಿಕೊಳ್ಳುತ್ತಾನೆ. ಮೂರು ವರ್ಷದ ಹಿಂದೆಯೇ ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು. 'ಏನ್ ಮಾಡದು ಮೇಡಂ, ಹೊಡ್ದೂ ಆಯ್ತು, ಬೈದೂ ಆಯ್ತು, ದೃಷ್ಟಿ ತೆಗೆಸಿ ತಾಯ್ತ ಕಟ್ಸಿದ್ದೂ ಆಯ್ತು' ಎಂದು ತಾಯಿ ಕಣ್ಣೊರೆಸಿಕೊಂಡಿದ್ದರು. ತಾಯತ ಕಟ್ಟಿಸಿದ ತಾಯಿಯನ್ನು ನಾನು ಹೀಗಳೆಯುವವಳಲ್ಲ. ಮಗುವಿಗೆ ಏನೋ ಆಗಿದೆ, ಅದು ಬೇಕೆಂದು ಮಾಡುತ್ತಿಲ್ಲ ಎಂದು ಎಲ್ಲರಿಗಿಂತ ಮೊದಲು ಒಪ್ಪಿಕೊಂಡವರು ಅವರೇ.

ಆಗಿದ್ದು ಏನೆಂದರೆ, ಹಿಂದಿನ ಹೊಗೆಸೊಪ್ಪಿನ ಹಂಗಾಮಿನಲ್ಲಿ ಹುಡುಗನ ತಂದೆ ತೀರಿಕೊಂಡಿದ್ದರು. ಅವತ್ತೇ ಅವನನ್ನು ಕೆ.ಆರ್. ನಗರದ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಹದಿನೈದು ದಿನ ಕಳೆದು ಬಂದವನಿಗೆ 'ಅಪ್ಪ ಬೆಂಗಳೂರಿಗೆ ದುಡಿಯಕ್ಕೆ ಹೋಗವ್ರೆ' ಎಂದರು. ಮಗುವಿನ ಎದೆ ಒಡೆಯಬಾರದೆಂಬ ಪ್ರೀತಿಯಿಂದಲೇ ಹೇಳಿದ ಮಾತು. ಅಂದಿನಿಂದ ಅವನು ಒಳಗೆ ಬಂದರೆ ಮನೆಯವರೆಲ್ಲ ಮಾತು ನಿಲ್ಲಿಸುತ್ತಿದ್ದರು.

ಆಟದ ಚಿಕಿತ್ಸೆ, ಅಂದರೆ ಪ್ಲೇ ಥೆರಪಿ, ಎಂದಾಗ ಬಹಳ ಜನ ಮಗುವಿಗೆ ಒಂದಿಷ್ಟು ಆಟದ ಸಾಮಾನು ಕೊಟ್ಟು ಮನಸ್ಸು ಬೇರೆ ಕಡೆ ತಿರುಗಿಸುವುದು ಎಂದುಕೊಳ್ಳುತ್ತಾರೆ. ನಡೆಯುವುದು ಅದಕ್ಕೆ ತದ್ವಿರುದ್ಧ. ಮಗುವಿನ ಮನಸ್ಸು ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿಗೇ ಅದು ತಾನಾಗಿ ಹೋಗಲು ಬಿಟ್ಟು, ಜೊತೆಗೆ ಒಬ್ಬ ದೊಡ್ಡವರು ಕದಲದೆ ಕೂರುತ್ತಾರೆ.

ನಮ್ಮ ಮಾತಿನಲ್ಲಿ ಆಟಕ್ಕೆ ಬೆಲೆ ಕಮ್ಮಿ. 'ಇದೇನು ಮಕ್ಕಳಾಟವೇ?' ಎಂದು ರೇಗುತ್ತೇವೆ, 'ನನ್ನ ಹತ್ರ ಆಟ ಆಡಬೇಡ' ಎಂದು ಗದರುತ್ತೇವೆ. 'ಆಟ ಸಾಕು, ಓದ್ಕೋ' ಎನ್ನದ ಮನೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಈ ನಾಲ್ಕು ತಾಲ್ಲೂಕಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಬಯಲಾಟವೂ ಆಟವೇ, ತೊಗಲುಗೊಂಬೆಯಾಟವೂ ಆಟವೇ. ಮಳೆ ಕೈಕೊಟ್ಟ ವರ್ಷ, ದನಕರುಗಳಿಗೆ ರೋಗ ಬಡಿದ ವರ್ಷ ತೊಗಲುಗೊಂಬೆ ಆಡಿಸುವ ಗೊಂಬೆರಾಮರನ್ನು ಕರೆಸಿ ರಾತ್ರಿಯಿಡೀ ಆಟ ಆಡಿಸುತ್ತಿದ್ದ ಊರುಗಳು ನಮ್ಮವು. ಊರಿಗೆ ಊರೇ ತನ್ನ ಸಂಕಟವನ್ನು ಗೊಂಬೆಗಳ ಕೈಗೆ ಕೊಟ್ಟು, ಎದುರು ಕೂತು ನೋಡುತ್ತಿತ್ತು. ಏಳು ವರ್ಷದ ಹುಡುಗ ಮರಳಿನಲ್ಲಿ ಮಾಡಿದ್ದು ಇದನ್ನೇ.

ದೊಡ್ಡವರಾದ ನಾವು ನೊಂದಾಗ ಯಾರ ಹತ್ತಿರವಾದರೂ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದರೆ ನೋವಿಗೆ ಹೆಸರಿರಬೇಕು, ಹಿಂದು ಮುಂದು ಜೋಡಿಸಲು ಬರಬೇಕು. ಆರೇಳು ವರ್ಷದ ಮಗುವಿಗೆ ಇವೆರಡೂ ಇನ್ನೂ ಪೂರಾ ಕೈಗೆ ಸಿಕ್ಕಿರುವುದಿಲ್ಲ. ಅದರ ದುಃಖ ಹೊಟ್ಟೆನೋವಾಗಿ ಬರುತ್ತದೆ, ಹೆದರಿಕೆ ಹಟವಾಗಿ ಬರುತ್ತದೆ, ತನ್ನಿಂದಲೇ ಹೀಗಾಯಿತೇನೋ ಎಂಬ ಅಳುಕು ಇನ್ನೊಬ್ಬರನ್ನು ಕಚ್ಚುವುದಾಗಿ ಬರುತ್ತದೆ. ಮೂರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹೆಚ್ಚಾಗಿ ಈ ಚಿಕಿತ್ಸೆಯನ್ನು ಬಳಸುವುದು ಈ ಕಾರಣಕ್ಕೆ.

ಒಂದೇ ಆಟವನ್ನು ಮಗು ಮತ್ತೆ ಮತ್ತೆ ಯಾಕೆ ಆಡುತ್ತದೆ ಎಂಬ ಪ್ರಶ್ನೆ ಹಳೆಯದು. 1920ರ ಪುಸ್ತಕವೊಂದರಲ್ಲಿ ಸಿಗ್ಮಂಡ್ ಫ್ರಾಯ್ಡ್ ತನ್ನ ಒಂದೂವರೆ ವರ್ಷದ ಮೊಮ್ಮಗನ ಆಟದ ಬಗ್ಗೆ ಬರೆದ. ದಾರ ಕಟ್ಟಿದ ಮರದ ರೀಲನ್ನು ಮಗು ಮಂಚದಾಚೆಗೆ ಎಸೆಯುತ್ತಿತ್ತು, ಕಣ್ಮರೆಯಾದ ಕೂಡಲೇ ದಾರ ಎಳೆದು ವಾಪಸ್ಸು ತಂದು ನಲಿಯುತ್ತಿತ್ತು. ತಾಯಿ ಬಿಟ್ಟು ಹೊರಗೆ ಹೋದಾಗ ಅಳದೆ ಸುಮ್ಮನಿರುತ್ತಿದ್ದ ಮಗು ಅದು. ತಾಯಿ ಹೋಗುವುದು ಅದರ ಕೈಯಲ್ಲಿರಲಿಲ್ಲ. ರೀಲು ಹೋಗುವುದು, ಬರುವುದು ಅದರ ಕೈಯಲ್ಲಿತ್ತು. ಮರಳಿನ ಮುಂದೆ ಕೂತಿದ್ದ ನಮ್ಮ ಹುಡುಗನಿಗೂ ಅಷ್ಟು ದಿನದಲ್ಲಿ ತನ್ನ ಕೈಯಲ್ಲಿದ್ದದ್ದು ಅದೊಂದೇ ಕೆಲಸ.

ಆಮೇಲೆ ಮೆಲನಿ ಕ್ಲೈನ್, ಅನ್ನಾ ಫ್ರಾಯ್ಡ್ ಮಕ್ಕಳ ಆಟವನ್ನು ಚಿಕಿತ್ಸೆಯ ಕೋಣೆಗೆ ತಂದರು. ಅವರಿಬ್ಬರ ಜಗಳ ದೊಡ್ಡದು, ಇಲ್ಲಿಗೆ ಬೇಡ. ನನಗೆ ಹತ್ತಿರದವರು ಲಂಡನ್ನಿನ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್. ಕಾದಂಬರಿಕಾರ ಎಚ್.ಜಿ. ವೆಲ್ಸ್ ತನ್ನ ಇಬ್ಬರು ಗಂಡುಮಕ್ಕಳ ಜೊತೆ ನೆಲದ ಮೇಲೆ ಪುಟ್ಟ ಊರುಗಳನ್ನು ಕಟ್ಟಿ ಆಡುತ್ತಿದ್ದುದನ್ನು 1911ರಲ್ಲಿ ಬರೆದಿದ್ದ. ಅದು ಲೋವೆನ್‌ಫೆಲ್ಡ್ ಮನಸ್ಸಿನಲ್ಲಿ ಉಳಿದಿತ್ತು. 1928ರಲ್ಲಿ ಮಕ್ಕಳ ಕ್ಲಿನಿಕ್ ತೆರೆದಾಗ ಪೆಟ್ಟಿಗೆ ತುಂಬ ಪುಟಾಣಿ ಮನೆ, ಮರ, ಜನ, ಪ್ರಾಣಿಗಳನ್ನು ಇಟ್ಟರು. ಬೇಗನೆ ಮರಳು, ನೀರು ಜೊತೆಯಾದವು. ಮಕ್ಕಳು ಮರಳಿನ ಮೇಲೆ ತಮ್ಮದೇ ಲೋಕ ಕಟ್ಟತೊಡಗಿದರು. ಈಗಿನ ಮರಳಿನ ಟ್ರೇಯ ಒಳತಳಕ್ಕೆ ನೀಲಿ ಬಣ್ಣ ಬಳಿದಿರುತ್ತಾರೆ. ಮರಳು ಸರಿಸಿದರೆ ಸಾಕು, ಅಲ್ಲೊಂದು ಕೆರೆಯೋ ಹೊಳೆಯೋ ಕಾಣಿಸುತ್ತದೆ. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಮಗುವನ್ನು ಅದು ಇದ್ದ ಹಾಗೆ ಒಪ್ಪಿಕೊಳ್ಳಬೇಕು, ಅವಸರ ಮಾಡಬಾರದು, ದಾರಿ ಮಗು ತೋರಿಸಬೇಕು, ದೊಡ್ಡವರು ಹಿಂದೆ ಹೋಗಬೇಕು ಎಂದರು. ಕೇಳಲು ಸುಲಭ. ಒಂದು ದಿನ ಮಾಡಿ ನೋಡಿದವರಿಗೆ ಕಷ್ಟ ಗೊತ್ತಾಗುತ್ತದೆ.

ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂದು ಪೋಷಕರು ಕೇಳುತ್ತಾರೆ. ವಾರಕ್ಕೊಂದು ಸಲ, ಅದೇ ಹೊತ್ತು, ಅದೇ ಕೋಣೆ, ಸುಮಾರು ಮುಕ್ಕಾಲು ಗಂಟೆ. ಸಾಮಾನುಗಳು ಪ್ರತಿ ವಾರವೂ ಅದೇ ಜಾಗದಲ್ಲಿ ಇರಬೇಕು. ಮನೆಯಲ್ಲಿ ಎಲ್ಲವೂ ಅದಲುಬದಲಾಗಿರುವ ಮಗುವಿಗೆ, ಹೋದ ವಾರ ಬಿಟ್ಟುಹೋದ ಕಡೆಯೇ ಹುಲಿ ಕಾದಿರುವುದು ಸಣ್ಣ ಸಮಾಧಾನವಲ್ಲ. ಮನೆಮಂದಿಯ ಗೊಂಬೆಗಳು, ಅಡುಗೆ ಸಾಮಾನು, ಡಾಕ್ಟರ ಕಿಟ್ಟು ಒಂದು ಕಡೆ. ಹಾವು, ಹುಲಿ, ಪೊಲೀಸು, ಮೆತ್ತನೆಯ ಕತ್ತಿ ಇನ್ನೊಂದು ಕಡೆ. ಜೇಡಿಮಣ್ಣು, ಬಣ್ಣ, ಮರಳು, ನೀರು ಮತ್ತೊಂದು ಕಡೆ. ಬ್ಯಾಟರಿ ಹಾಕಿದರೆ ತಾನೇ ಕುಣಿಯುವ, ತಾನೇ ಹಾಡುವ ಸಾಮಾನು ಇರುವುದಿಲ್ಲ. ಅದು ಕುಣಿಯುವಾಗ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ.

ಹಾಗಾದರೆ ಅಲ್ಲಿ ಮಗು ಮಾಡಿದ್ದೇ ಸರಿಯೇ? ಇಲ್ಲ. ನಮ್ಮ ಹುಡುಗ ಎರಡನೇ ವಾರ ಒಂದು ಮರದ ತುಂಡು ಎತ್ತಿ ಸಲಹೆಗಾರ್ತಿಯ ಕಡೆ ಬೀಸಿದ. ಅವರು ಕೈ ಹಿಡಿದು ತಿರುಚಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. 'ನಿನಗೆ ತುಂಬ ಸಿಟ್ಟು ಬಂದಿದೆ. ನನಗೆ ಹೊಡೆಯೋ ಹಾಗಿಲ್ಲ. ಆ ದಿಂಬಿಗೆ ಹೊಡಿಬಹುದು' ಎಂದರು. ಮೂರು ಸಣ್ಣ ಮಾತು. ಮೊದಲನೆಯದು ಅವನ ಸಿಟ್ಟನ್ನು ಒಪ್ಪುತ್ತದೆ, ಎರಡನೆಯದು ಗೆರೆ ಎಳೆಯುತ್ತದೆ, ಮೂರನೆಯದು ಸಿಟ್ಟಿಗೆ ದಾರಿ ಬಿಡುತ್ತದೆ. ಹುಡುಗ ದಿಂಬಿಗೆ ಬೆವರು ಇಳಿಯುವವರೆಗೂ ಹೊಡೆದ. ಸಿಟ್ಟು ಬಂದ ಮಗುವಿಗೆ ನಾವು ಸಾಮಾನ್ಯವಾಗಿ ಎರಡನೆಯದನ್ನು ಮಾತ್ರ ಹೇಳುತ್ತೇವೆ, ಅದನ್ನೂ ಕಿರುಚಿ ಹೇಳುತ್ತೇವೆ.

ಆರನೇ ವಾರ ಹುಡುಗ ಗೊಂಬೆಯನ್ನು ಹೂತ. ಹೊರಗೆ ತೆಗೆಯಲಿಲ್ಲ. ಎದ್ದು ಹೋಗಿ ಆಟದ ಅಡುಗೆಮನೆಯಿಂದ ಪುಟ್ಟ ಲೋಟ ತಂದು, ಬಕೆಟ್ಟಿನಲ್ಲಿ ಅದ್ದಿ, ಮರಳಿನ ದಿಬ್ಬದ ಒಂದು ತುದಿಗೆ ತೊಟ್ಟು ತೊಟ್ಟಾಗಿ ಬಿಡತೊಡಗಿದ. 'ನೀರು ಬಿಡ್ತಿದ್ದೀಯ' ಎಂದರು ಸಲಹೆಗಾರ್ತಿ. ಹುಡುಗ ತಲೆ ಎತ್ತದೆ ಹೇಳಿದ: 'ನೀರಲ್ಲ. ಹಾಲು-ತುಪ್ಪ.'

ಅಪ್ಪ ಹೋಗುವ ಹಿಂದಿನ ವರ್ಷ ಅವನ ತಾತ ತೀರಿಕೊಂಡಿದ್ದರು. ಮೂರನೇ ದಿನ ಅಪ್ಪನ ಹೆಗಲ ಮೇಲೆ ಕೂತು ಹೋಗಿ, ಗುಡ್ಡೆಯ ಮೇಲೆ ಹಾಲು-ತುಪ್ಪ ಬಿಡುವುದನ್ನು ನೋಡಿ ಬಂದಿದ್ದ. ಅಪ್ಪ ಬೆಂಗಳೂರಿನಲ್ಲಿಲ್ಲ ಎಂಬುದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದೆ ಎಂದು ಹೇಳಲು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ತಾನು ಹೇಳಿದರೆ ಅವ್ವ ಅಳುತ್ತಾಳೆ ಎಂದು ಅವನೂ ಸುಮ್ಮನಿದ್ದ. ಮಗನಿಗೆ ಗೊತ್ತಾಗಬಾರದೆಂದು ಅವ್ವ, ಅವ್ವನಿಗೆ ಗೊತ್ತಾಗಬಾರದೆಂದು ಮಗ, ಎಂಟು ತಿಂಗಳು ಒಂದೇ ಸೂರಿನಡಿ ಒಂದೇ ಸತ್ಯವನ್ನು ಬಚ್ಚಿಟ್ಟುಕೊಂಡು ಬದುಕಿದ್ದರು.

ಮೊದಲ ವಾರವೇ ಸಲಹೆಗಾರ್ತಿ 'ಇದು ನಿಮ್ಮಪ್ಪನಾ?' ಎಂದು ಕೇಳಿದ್ದರೆ? ಅವನು ಇಲ್ಲ ಎಂದು ತಲೆಯಾಡಿಸಿ ಬೇರೆ ಗೊಂಬೆ ತೆಗೆದುಕೊಳ್ಳುತ್ತಿದ್ದ, ಬಾಗಿಲು ಮುಚ್ಚಿಹೋಗುತ್ತಿತ್ತು ಎಂದು ಅವರು ನನಗೆ ಹೇಳಿದರು. ಮಗು ಹೆಸರಿಡುವವರೆಗೆ ಯಾವುದಕ್ಕೂ ತಾವು ಹೆಸರಿಡಬಾರದು ಎಂಬುದು ಈ ವಿದ್ಯೆಯ ಮುಖ್ಯ ಕಟ್ಟುಪಾಡು. ಮಗು ಕಲ್ಲನ್ನು ಎತ್ತಿಕೊಂಡರೆ 'ಕಲ್ಲು' ಎನ್ನುವುದೂ ಬೇಡ, 'ಅದನ್ನ ತಗೊಂಡೆ' ಎಂದರೆ ಸಾಕು. ಅದು ಮಗುವಿಗೆ ಬಸ್ಸಾಗಿರಬಹುದು.

ಆಟಕ್ಕೆ ಜಾತಕದ ಹಾಗೆ ಅರ್ಥ ಹೇಳುವವರ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಕಪ್ಪು ಬಣ್ಣ ಎಂದರೆ ದುಃಖ, ಹಾವು ಎಂದರೆ ಇಂಥದ್ದು, ಹೂತರೆ ಸಾವು ಎಂದು ಪಟ್ಟಿ ಕೊಡುವವರಿದ್ದಾರೆ. ನಂಬಬೇಡಿ. ಎಚ್.ಡಿ. ಕೋಟೆಯ ಮಗುವೊಂದು ಸಾಲಾಗಿ ಬೆಣಚುಕಲ್ಲು ಹೂತರೆ ಅದು ಶುಂಠಿ ನಾಟಿ ಮಾಡುತ್ತಿರಬಹುದು. ಇನ್ನೊಂದು ಮಗು ನಿಧಿ ಬಚ್ಚಿಡುತ್ತಿರಬಹುದು. ಅರ್ಥ ವಸ್ತುವಿನಲ್ಲಿ ಇಲ್ಲ, ಆ ಮಗುವಿನ ವಾರ ವಾರದ ಕಥೆಯಲ್ಲಿದೆ.

ಹೀಗಾಗಿ ಬುಟ್ಟಿಯ ಸಾಮಾನು ಮಗುವಿನ ಊರಿನದ್ದಾಗಿರಬೇಕು. ವಿದೇಶದ ಕಿಟ್ಟುಗಳಲ್ಲಿ ಬೆಂಕಿ ಉಗುಳುವ ಪ್ರಾಣಿ ಇರುತ್ತದೆ, ಕೋಟೆ ಇರುತ್ತದೆ. ನಮ್ಮ ಕಾಡಂಚಿನ ಮಗುವಿಗೆ ಹುಲಿ, ಆನೆ, ಅರಣ್ಯ ಇಲಾಖೆಯ ಜೀಪು ಬೇಕು, ಆನೆ ಕಂದಕ ತೋಡಲು ಒಂದು ಚಮಚ ಬೇಕು. ಹುಣಸೂರು, ಪಿರಿಯಾಪಟ್ಟಣದ ಮಗುವಿಗೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಬೇಕು. ರಟ್ಟಿನ ಪೆಟ್ಟಿಗೆಗೆ ಬಾಗಿಲು ಕೊರೆದರೆ ಬ್ಯಾರನ್ ಆಯಿತು. ಕೆಂಪು ಬಸ್ಸು, ಹಸು, ಕುಡುಗೋಲು, ಮೊಬೈಲು ಬೇಕು. ಖಾಲಿ ಸೀಸೆಯೂ ಇರಲಿ ಎನ್ನುತ್ತೇನೆ. ಅಪ್ಪ ಕುಡಿದು ಬರುವ ಮನೆಯ ಮಗು ಅದನ್ನು ಹುಡುಕುತ್ತದೆ. ಚುಂಚನಕಟ್ಟೆ ಜಾತ್ರೆಯ ಅಂಗಡಿಗಳಲ್ಲಿ ಸಿಗುವ ಪ್ರಾಣಿಗಳ ಪ್ಯಾಕೆಟ್ಟು, ಚನ್ನಪಟ್ಟಣದ ನಾಲ್ಕು ಮರದ ಗೊಂಬೆ, ಬಡಗಿಯಿಂದ ಮಾಡಿಸಿದ ಒಂದು ಟ್ರೇ ಇದ್ದರೆ ಬಹಳ ದೂರ ಹೋಗಬಹುದು.

ಆಟವನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. ಸರ್ಕಾರಿ ಶಾಲೆಯ ತರಗತಿಗೆ ಆಟವನ್ನು ಒಳಗೆ ಕರೆದದ್ದೇ ಎಚ್.ಡಿ. ಕೋಟೆ. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ 'ನಲಿ-ಕಲಿ' ಹುಟ್ಟಿದ್ದು ಅಲ್ಲಿಯ ಹಳ್ಳಿ ಶಾಲೆಗಳಲ್ಲಿ. ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ಪಾಡಿಗೆ ಕಲಿಯುವುದನ್ನು ನೋಡಿ ಬಂದು, ಕನ್ನಡದಲ್ಲಿ ತಮ್ಮದೇ ಕಾರ್ಡುಗಳನ್ನು, ಹಾಡುಗಳನ್ನು, ಆಟಗಳನ್ನು ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆಲ್ಲ ಬಂತು, ಮುಂದೆ ಮೂರನೆಯದಕ್ಕೂ. ಕಲಿಕಾ ಏಣಿ, ನೆಲದ ಮೇಲೆ ಗುಂಪು ಗುಂಪಾಗಿ ಕೂರುವ ತಟ್ಟೆಗಳು, ತಲೆಯ ಮೇಲೆ ಮಕ್ಕಳ ಚಿತ್ರ ತೂಗುವ ಚಪ್ಪರ ಇವೆಲ್ಲ ಈಗ ರಾಜ್ಯಕ್ಕೇ ಪರಿಚಿತ. ನನಗೆ ಅದರಲ್ಲಿ ಅತಿ ಪ್ರೀತಿಯ ಸಂಗತಿ ಬೇರೆ. ಮನೆಯವರ ಜೊತೆ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ ಒಂದು ತಿಂಗಳು ಬಿಟ್ಟು ಬಂದ ಗಿರಿಜನರ ಹಾಡಿಯ ಮಗು, ತಾನು ನಿಲ್ಲಿಸಿದ್ದ ಕಾರ್ಡಿನಿಂದಲೇ ಮುಂದುವರಿಯಬಹುದು. 'ಎಲ್ಲಿಗೆ ಹಾಳಾಗಿ ಹೋಗಿದ್ದೆ?' ಎಂಬ ಪ್ರಶ್ನೆ ಆ ಪದ್ಧತಿಯಲ್ಲಿ ಇಲ್ಲ.

ನಲಿ-ಕಲಿ ಚಿಕಿತ್ಸೆಯಲ್ಲ, ಅದು ಪಾಠ. ಕಾರ್ಡಿಗೆ ಸರಿ ಉತ್ತರವಿದೆ, ಮರಳಿಗೆ ಇಲ್ಲ. ಆದರೂ ಅದು ಮೇಷ್ಟ್ರನ್ನು ಕುರ್ಚಿಯಿಂದ ಚಾಪೆಗೆ ಇಳಿಸಿತು. ಮಗುವಿನ ಕಣ್ಣಿನ ಮಟ್ಟಕ್ಕೆ ಕೂತವರಿಗೆ ಕಾಣುವುದು ನಿಂತವರಿಗೆ ಕಾಣುವುದಿಲ್ಲ. ಕೂತೂ ಕಾಣದೇ ಹೋಗಬಹುದು ಎಂಬುದಕ್ಕೆ ನಾನೇ ಸಾಕ್ಷಿ. ಪಾಠ ಹೇಳುತ್ತಿದ್ದ ದಿನಗಳಲ್ಲಿ ನನ್ನ ತರಗತಿಯ ಒಬ್ಬ ಹುಡುಗಿ ಯಾವ ಚಿತ್ರ ಬರೆದರೂ ಹಾಳೆ ತುಂಬ ಕಪ್ಪು ಬಳಿಯುತ್ತಿದ್ದಳು. ನಾನು ಒಂದು ದಿನ 'ಸೂರ್ಯ ಹಳದಿ ಅಲ್ವೇನಮ್ಮಾ?' ಎಂದು ಹಳದಿ ಕ್ರೇಯಾನು ಕೈಗೆ ಕೊಟ್ಟೆ. ಮಾರನೇ ದಿನದಿಂದ ಅವಳು ನನಗಾಗಿ ಹಳದಿ ಸೂರ್ಯನನ್ನು ಬರೆದಳು. ಚಪ್ಪರಕ್ಕೆ ನೇತುಹಾಕಿ ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಆ ಕಪ್ಪು ಏನಾಗಿತ್ತು ಎಂದು ಇವತ್ತಿಗೂ ನನಗೆ ತಿಳಿಯದು. ಏನೋ ಹೇಳುತ್ತಿದ್ದ ಅವಳ ಬಾಯಿಯನ್ನು ನಾನು ಅಷ್ಟು ಮುದ್ದಾಗಿ ಮುಚ್ಚಿಸಿಬಿಟ್ಟಿದ್ದೆ.

ನಮ್ಮ ಮಕ್ಕಳು ಏನು ಹೊತ್ತುಕೊಂಡು ಶಾಲೆಗೆ ಬರುತ್ತಾರೆ ಎಂದು ಯೋಚಿಸಿದರೆ ಕಷ್ಟವಾಗುತ್ತದೆ. ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಒಂದೊಂದು ಬ್ಯಾರನ್ ಐದಾರು ದಿನ ಹಗಲೂ ರಾತ್ರಿ ಉರಿಯುತ್ತದೆ. ಶಾಖ ಏರುಪೇರಾದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜಿನ ದಿನ ಬೆಲೆ ಬೀಳುತ್ತದೆ. ಅಪ್ಪ ಅವ್ವ ಸರದಿಯ ಮೇಲೆ ನಿದ್ದೆಗೆಟ್ಟು ಸೌದೆ ಒಟ್ಟುತ್ತಾರೆ. ಅವರ ಸಿಡುಕಿಗೆ ಕಾರಣವಿದೆ, ಆದರೆ ಮಗುವಿಗೆ ಕಾಣುವುದು ಸಿಡುಕು ಮಾತ್ರ. ಎಚ್.ಡಿ. ಕೋಟೆಯ ಕಡೆ, ಹಾಡಿಯಿಂದ ಆರನೇ ವಯಸ್ಸಿಗೇ ಆಶ್ರಮ ಶಾಲೆಗೆ ಬಂದು ಮಲಗುವ ಮಗು ಎರಡು ದಿನಕ್ಕೆ ಕಾಡು ದಾರಿ ಹಿಡಿದು ಮನೆಗೆ ಹೋದರೆ 'ಓಡಿಹೋಯಿತು' ಎಂದು ಬರೆದುಕೊಳ್ಳುತ್ತೇವೆ. ಅದು ಮನೆಗೆ ಹೋಯಿತು, ಅಷ್ಟೆ. ಕೆ.ಆರ್. ನಗರದ ಹಳ್ಳಿಗಳಲ್ಲಿ ಅಪ್ಪ ಅಮ್ಮ ಬೆಂಗಳೂರಿನಲ್ಲಿ ದುಡಿಯುತ್ತ, ಅಜ್ಜಿಯ ಸೆರಗಿನಲ್ಲಿ ಬೆಳೆಯುವ ಮಕ್ಕಳಿದ್ದಾರೆ. ಭಾನುವಾರ ಸಂಜೆಯ ಬಸ್ಸು ಹೊರಟ ಮೇಲೆ ಅವು ಎರಡು ದಿನ ಯಾರ ಮಾತನ್ನೂ ಕೇಳುವುದಿಲ್ಲ. ಇವರೆಲ್ಲರಿಗೂ ಚಿಕಿತ್ಸೆ ಬೇಕೆಂದು ನಾನು ಹೇಳುತ್ತಿಲ್ಲ. ಬಹಳ ಮಕ್ಕಳು ಬೀದಿಯ ಲಗೋರಿಯಲ್ಲಿ, ಕುಂಟೆಬಿಲ್ಲೆಯಲ್ಲಿ, ಜಗಲಿಯ ಅಳಗುಳಿಮಣೆಯಲ್ಲಿ ತಾವಾಗಿಯೇ ಸರಿಹೋಗುತ್ತಾರೆ.

ಕೆಲವು ಮಕ್ಕಳು ಸರಿಹೋಗುವುದಿಲ್ಲ. 1976ರ ಜುಲೈನಲ್ಲಿ ಅಮೆರಿಕದ ಚೌಚಿಲ್ಲಾ ಎಂಬ ಊರಿನಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನು ಅಪಹರಿಸಿ, ಮಕ್ಕಳನ್ನು ಚಾಲಕನ ಸಮೇತ ನೆಲದಡಿ ಹೂತಿಟ್ಟ ಲಾರಿಯೊಳಗೆ ಕೂಡಿಹಾಕಿದ್ದರು. ಎಲ್ಲರೂ ತಪ್ಪಿಸಿಕೊಂಡು ಬಂದರು. ಆಮೇಲೆ ಅವರನ್ನು ವರ್ಷಗಟ್ಟಲೆ ಗಮನಿಸಿದ ಮನೋವೈದ್ಯೆ ಲೆನೋರ್ ಟೆರ್ ಒಂದು ವಿಷಯ ಗುರುತಿಸಿದರು. ಆ ಮಕ್ಕಳಲ್ಲಿ ಹಲವರು ಅದೇ ಘಟನೆಯನ್ನು ಆಡುತ್ತಲೇ ಇದ್ದರು, ಆದರೆ ಆಟದಲ್ಲಿ ನಗುವಿಲ್ಲ, ಬದಲಾವಣೆಯಿಲ್ಲ, ಆಡಿದ ಮೇಲೆ ಹಗುರವೂ ಇಲ್ಲ. ಸುತ್ತುತ್ತಲೇ ಇರುವ ಗಾಣದ ಹಾಗೆ. ಇಂಥ ಮಗುವನ್ನು 'ಆಡ್ಕೊಂಡಿದೆ ಬಿಡಿ' ಎಂದು ಬಿಟ್ಟರೆ ಸಾಲದು. ಪಳಗಿದವರು ಜೊತೆಗಿದ್ದು ಆ ಸುತ್ತಿನಲ್ಲಿ ಒಂದು ಹೊಸ ದಾರಿ ಮೂಡುವಂತೆ ನೋಡಿಕೊಳ್ಳಬೇಕು. ನಮ್ಮ ಹುಡುಗನಿಗೆ ಹೂಳುವುದರಿಂದ ಹಾಲು-ತುಪ್ಪಕ್ಕೆ ದಾಟಲು ಆರು ವಾರ, ಜೊತೆಗೊಬ್ಬರು ಬೇಕಾದರು.

ಇದರಿಂದ ನಿಜವಾಗಿ ಗುಣವಿದೆಯೇ ಎಂದು ಲೆಕ್ಕ ಕೇಳುವವರು ಕೇಳಲೇಬೇಕು. ಸ್ಯೂ ಬ್ರಾಟನ್ ಮತ್ತು ಸಂಗಡಿಗರು 1953ರಿಂದ 2000ದವರೆಗಿನ 93 ಅಧ್ಯಯನಗಳನ್ನು ಒಟ್ಟು ಸೇರಿಸಿ 2005ರಲ್ಲಿ ಪ್ರಕಟಿಸಿದರು. ಪರಿಣಾಮದ ಅಳತೆ 0.80 ಬಂತು. ಅದರ ಅರ್ಥ, ಚಿಕಿತ್ಸೆ ಪಡೆದ ಸಾಧಾರಣ ಮಗು, ಪಡೆಯದ ನೂರು ಮಕ್ಕಳ ಪೈಕಿ ಸುಮಾರು 79 ಮಕ್ಕಳಿಗಿಂತ ಚೆನ್ನಾಗಿತ್ತು. ಹತ್ತು ವರ್ಷದ ನಂತರ, 52 ಅಧ್ಯಯನಗಳ ಮೇಲೆ, ಮಗುವೇ ದಾರಿ ತೋರಿಸುವ ಬಗೆಯೊಂದನ್ನಷ್ಟೇ ಬಿಗಿಯಾಗಿ ಲೆಕ್ಕ ಹಾಕಿದಾಗ ಬಂದದ್ದು 0.47. ಮೊದಲಿನಷ್ಟು ದೊಡ್ಡದಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ. 2005ರ ಲೆಕ್ಕದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಅಂಶ: ತಂದೆತಾಯಿಗಳಿಗೇ ಈ ಆಟ ಕಲಿಸಿ, ಅವರ ಕೈಯಲ್ಲೇ ಮಾಡಿಸಿದಾಗ ಫಲ ಇನ್ನೂ ಹೆಚ್ಚಿತ್ತು.

ಎಲ್ಲಕ್ಕೂ ಇದೇ ಮದ್ದು ಎನ್ನುವವರ ಹತ್ತಿರ ಎಚ್ಚರವಾಗಿರಿ. 'ಮಾತು ಕೇಳಲ್ಲ' ಎನಿಸಿಕೊಂಡ ಮಗುವಿಗೆ ಕಿವಿಯೇ ಕೇಳದಿರಬಹುದು. 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಮೂಲೆ ಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಾವು ಪಕ್ಕದಲ್ಲಿದ್ದೂ ಹೋಗುವುದಿಲ್ಲ. ಕಣ್ಣು, ರಕ್ತಹೀನತೆ, ನಿದ್ದೆ, ಫಿಟ್ಸು ಇವನ್ನೂ ಮೊದಲು ನೋಡಿಸಬೇಕು. ಆಟಿಸಂ ಇರುವ ಮಗುವಿಗೆ ಆಟದ ಮೂಲಕ ಬಹಳ ಕಲಿಸಬಹುದು, ಆದರೆ ಮರಳಿನ ಟ್ರೇ ಆಟಿಸಂ ವಾಸಿ ಮಾಡುವುದಿಲ್ಲ. ಆಟದಲ್ಲಿ ಲೈಂಗಿಕ ದೌರ್ಜನ್ಯದ ಸುಳಿವು ಕಂಡರೆ ಮಗುವನ್ನು ಕೂರಿಸಿಕೊಂಡು ಪದೇ ಪದೇ ಪ್ರಶ್ನಿಸಬಾರದು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ; ತಿಳಿದ ಮೇಲೆ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ.

ಎಲ್ಲಿಗೆ ಹೋಗಬೇಕು? ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಮೊದಲ ಬಾಗಿಲು ಅದು. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ಮುಂದಿನ ಮೆಟ್ಟಿಲು ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಅದಕ್ಕೂ ಮೀರಿದ್ದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ. ಖಾಸಗಿಯವರಾದರೆ ಏನು ಓದಿದ್ದಾರೆ, ಯಾರ ಕೈಕೆಳಗೆ ಪಳಗಿದ್ದಾರೆ ಎಂದು ಮುಲಾಜಿಲ್ಲದೆ ಕೇಳಿ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಲೇಬೇಕು. ಎರಡು ದಿನದ ಕಾರ್ಯಾಗಾರದ ಸರ್ಟಿಫಿಕೇಟು ಗೋಡೆಗೆ ಚೆಂದ, ಮಗುವಿಗೆ ಸಾಲದು.

ಆದರೆ ಪಿರಿಯಾಪಟ್ಟಣದಿಂದ ಮೈಸೂರಿಗೆ ಸುಮಾರು 70 ಕಿಲೋಮೀಟರು. ವಾರಕ್ಕೊಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಎಷ್ಟು ತಾಯಂದಿರು ಹೋಗಿಯಾರು? ನಮ್ಮ ಸೀಮೆಗೆ ಹೊಂದುವುದು ತಂದೆತಾಯಿಗಳಿಗೆ ಕಲಿಸುವ ದಾರಿಯೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಅಮೆರಿಕದಲ್ಲಿ ಬರ್ನಾರ್ಡ್ ಗರ್ನಿ 1960ರ ದಶಕದಲ್ಲಿ ಅದನ್ನು ರೂಪಿಸಿದರು. ಈಗ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಹತ್ತು ವಾರದ ತರಬೇತಿ, ಮನೆಯಲ್ಲಿ ವಾರಕ್ಕೊಮ್ಮೆ 30 ನಿಮಿಷದ ಆಟ. ನಮ್ಮಲ್ಲಿ ಆ ತರಬೇತಿಗೆ ಜಾಗ ಹುಡುಕಬೇಕಿಲ್ಲ. 1975ರಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ನಮ್ಮದೇ ಜಿಲ್ಲೆಯ ತಿ. ನರಸೀಪುರದಲ್ಲಿ ಶುರುವಾದವು, ಇವತ್ತು ಅಂಗನವಾಡಿ ಇಲ್ಲದ ಊರಿಲ್ಲ, ನಲಿ-ಕಲಿ ಗೊತ್ತಿರುವ ಶಿಕ್ಷಕರಿಗೂ ಕೊರತೆಯಿಲ್ಲ. ನಿಮ್ಹಾನ್ಸ್‌ನವರೋ ಮೈಸೂರಿನ ತಜ್ಞರೋ ತಿಂಗಳಿಗೊಮ್ಮೆ ಬಂದು ಇವರಿಗೆ ಬೆನ್ನೆಲುಬಾಗಿ ನಿಂತರೆ, ಚಾಪೆಯ ಮೇಲೆ ಕೂರುವುದನ್ನು ಆಗಲೇ ಬಲ್ಲ ಜನ ಇಲ್ಲಿದ್ದಾರೆ.

ಹುಡುಗನ ತಾಯಿ ಹಾಗೆ ಕಲಿತರು. ಆರನೇ ವಾರದ ನಂತರ ಸಲಹೆಗಾರ್ತಿಯ ಎದುರಿಗೇ ಮಗನಿಗೆ ನಿಜ ಹೇಳಿದರು. ಇಬ್ಬರೂ ಬಹಳ ಹೊತ್ತು ಅತ್ತರು. ಹಾಸಿಗೆ ಒದ್ದೆಯಾಗುವುದು ಒಮ್ಮೆಗೇ ನಿಲ್ಲಲಿಲ್ಲ, ಶಾಲೆಯ ದೂರುಗಳು ಕಡಿಮೆಯಾಗಲು ಇನ್ನೂ ಎರಡು ಮೂರು ತಿಂಗಳು ಹಿಡಿಯಿತು. ಗುರುವಾರ ಸಂಜೆ ಐದೂವರೆಗೆ ಅರ್ಧ ಗಂಟೆ, ಮೊಬೈಲು ಒಳಗಿಟ್ಟು, ಅವರು ಬ್ಯಾರನ್ನಿನ ಜಗಲಿಯ ಮೇಲೆ ಮಗನ ಜೊತೆ ಕೂರುತ್ತಿದ್ದರು. ಹಳೇ ಅಡಿಕೆ ಹಾಳೆಯಲ್ಲಿ ಹೊಳೆಯ ಮರಳು, ರಟ್ಟಿನ ಡಬ್ಬದಲ್ಲಿ ಗೊಂಬೆಗಳು. ಮೊದಲ ಗುರುವಾರ ಅವರಿಗೆ ಕೈಕಾಲು ಆಡಲಿಲ್ಲವಂತೆ. 'ಅದನ್ನ ಇಲ್ಲಿಡು ಮಗ, ಹಸೂನ ಅಲ್ಲಿ ಕಟ್ಟು' ಎಂದು ಹೇಳಿಕೊಡಲು ಬಾಯಿಗೆ ಬಂದದ್ದನ್ನು ತಡೆದುಕೊಳ್ಳುವುದೇ ದೊಡ್ಡ ಕೆಲಸವಾಯಿತಂತೆ.

ಹುಡುಗ ಆವತ್ತು ಏನನ್ನೂ ಹೂಳಲಿಲ್ಲ. ಮರಳಿನ ಮೇಲೆ ರಸ್ತೆ ಎಳೆದು, ಕೆಂಪು ಬಸ್ಸು ನಿಲ್ಲಿಸಿ, ಸೀರೆ ಉಟ್ಟ ಗೊಂಬೆಯನ್ನು ಮುಂದಿನ ಸೀಟಿಗೆ ಹತ್ತಿಸಿದ. ತಾಯಿ ಏನೋ ಕೇಳಲು ಬಾಯಿ ತೆರೆದರು. 'ಅವ್ವಾ, ಸುಮ್ನೆ ನೋಡ್ತಿರು' ಎಂದು ಬಸ್ಸು ಹೊರಡಿಸಿದ.